ಗಾಜಿನ ಸೂರು ಮತ್ತು ಮರೆತ ಕೊಡೆ

ಬೀದಿಗೆ ಕಿರಿದಾಗಿ ಮುಖ ತೋರಿ ಒಳಕ್ಕೆ ಉದ್ದವಾಗಿ ಚಾಚಿಕೊಂಡ ಮನೆಗಳ ನಡುಗೋಣೆಗೂ ಹಗಲು ತಲುಪಬೇಕು, ಆದರೆ ಬೆಳಕಿನ ಬೆನ್ನುಹತ್ತಿ ಸೆಕೆ ಬರಬಾರದು ಎಂಬ ಹಟದಲ್ಲಿ ಆಯುಷ್ಯ ಸವೆಸಿದವರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಧಾನ ವಾಸ್ತುಶಿಲ್ಪಿಯವರಿಗೆ ಮೊದಲ ಮಣೆ ಸಲ್ಲಬೇಕು. ಕಚೇರಿಯಲ್ಲಿ ಅವರು ‘ಕಿಟಕಿ ಮೇಡಂ’. ಎದುರಿಗೆ ಹಾಗೆಂದವರಿಲ್ಲ, ಅವರಿಗೆ ಗೊತ್ತಿಲ್ಲದೆಯೂ ಇಲ್ಲ. ಹೊಗಳಿದಾಗ ಅವರು ತಲೆ ತಗ್ಗಿಸುವುದನ್ನು ಹೊಸಬರು ವಿನಯವೆನ್ನುತ್ತಾರೆ. ನಾಚಿಕೆಯೆಂದು ಹಳಬರಿಗೆ ಗೊತ್ತು.

ಅವರು ಸ್ವತಂತ್ರವಾಗಿ ರೂಪಿಸಿದ ಮೊದಲ ಕೆಲಸ, ಗೋಡೆಗೆ ಗೋಡೆ ತಾಗಿದ ಮನೆಗಳ ಒಂದು ಬೀದಿ. ಕಿಟಕಿಗೆ ಎಡೆಯಿಲ್ಲದ ನಡುವಿನ ಅಡುಗೆಮನೆಗಳಿಗೆ ಅವರು ಗಾಜಿನ ಸೂರು ಹಾಕಿಸಿದರು. ನೋಡಿದವರೆಲ್ಲ ಭಲೇ ಎಂದರು. ಅತಿಥಿಗಳನ್ನು ಕರೆದೊಯ್ಯುವ ಮುನ್ನ ಮೇಡಂ ತಪ್ಪದೆ ಹೇಳಿಕಳಿಸುತ್ತಿದ್ದರು. ಹೇಳದೆ ಕೇಳದೆ ಇನ್ನೊಬ್ಬರ ಅಡುಗೆಮನೆಗೆ ನುಗ್ಗುವುದು ಅವರ ಜಾಯಮಾನವಲ್ಲ.

ಒಂದು ಬೇಸಿಗೆಯಲ್ಲಿ ಅತಿಥಿಗಳನ್ನು ಬೀಳ್ಕೊಟ್ಟು ಬೀದಿಯ ತಿರುವಿಗೆ ಬಂದಾಗ, ಆಗಷ್ಟೇ ತೋರಿಸಿದ ಮನೆಯಲ್ಲಿ ಕೊಡೆ ಮರೆತದ್ದು ನೆನಪಾಗಿ ಅವರು ಹಿಂದಿರುಗಿದರು. ಒಳಗೆ ಆ ಮನೆಯ ಅತ್ತೆ ಸ್ಟೂಲು ಹಿಡಿದಿದ್ದರು. ಅದರ ಮೇಲೆ ನಿಂತ ಸೊಸೆ ಕೋಲಿನಿಂದ ಗಾಜಿನಡಿಗೆ ರಟ್ಟು ತಳ್ಳುತ್ತಿದ್ದಳು. ಆಗಲೇ ಬಲ್ಬು ಉರಿಯುತ್ತಿತ್ತು.

“ಬೇಗ ಮುಚ್ಚೇ, ಬೆಂದುಹೋದೆ!” ಎಂದ ಅತ್ತೆ ತಿರುಗಿದರೆ ಬಾಗಿಲಲ್ಲಿ ಮೇಡಂ. “ಅಯ್ಯೋ, ತಪ್ಪು ತಿಳ್ಕೋಬೇಡಿಮ್ಮಾ. ನೀವು ಬರೋ ದಿನ ಬೀದಿಯವರೆಲ್ಲ ರಟ್ಟು ತೆಗೆದಿಡ್ತೀವಿ. ಅಷ್ಟು ಆಸೆಪಟ್ಟು ಕಟ್ಟಿಸಿದೀರಿ, ನೊಂದ್ಕೋತೀರಲ್ಲ ಅಂತ.”

ಭೂಮಿ ಬಾಯಿಬಿಟ್ಟಿದ್ದರೆ ಮೇಡಂ ಇಳಿದುಬಿಡುತ್ತಿದ್ದರು. ಅಷ್ಟು ದಿನ ತಾವು ಮೆಚ್ಚುಗೆ ಗಳಿಸಿದ್ದು ಈ ಹೆಂಗಸರ ಬೆವರಿನಲ್ಲಿ, ಅದೂ ಅವರ ದಾಕ್ಷಿಣ್ಯದಿಂದ! ಕೈಮುಗಿದರು. ಕೊಡೆಯನ್ನೂ ತೆಗೆದುಕೊಳ್ಳದೆ ಬಿಸಿಲಿಗೆ ನಡೆದರು.

ಮರುದಿನ ಕಚೇರಿಯ ತುಂಬಿದ ಸಭೆಯಲ್ಲಿ ತಪ್ಪು ತಮ್ಮದೆಂದು ಹೇಳಿ ಗಾಜು ತೆಗೆಸಲು ಒಪ್ಪಿಗೆ ಪಡೆದರು. ಅದರ ಜಾಗದಲ್ಲಿ ಎತ್ತರಿಸಿದ ಸೂರು ಬಂತು: ಬಿಸಿಲಿನ ಕಡೆ ಮುಚ್ಚಿದ್ದು, ನೆರಳಿನ ಕಡೆ ನೇರ ಕಿಟಕಿ, ನೆತ್ತಿಯಲ್ಲಿ ಬಿಸಿಗಾಳಿ ಹೊರಬೀಳಲು ಕಂಡಿ. ಇಂದು ನಾವೆಲ್ಲ ಅನುಸರಿಸುವ ಮಾದರಿ ಅದೇ. ಕಿರಿಯರ ನಕ್ಷೆಯಲ್ಲಿ ಎಡವಟ್ಟಾದಾಗ ಮೇಲಿನವರ ಮುಂದೆ ಬೈಗುಳಕ್ಕೆ ತಾವೇ ತಲೆಯೊಡ್ಡಿ, ಆಮೇಲೆ ಅವರನ್ನು ಕರೆದು, “ನಡುಮಧ್ಯಾಹ್ನ ಹೇಳದೇ ಹೋಗಿ, ಒಲೆ ಪಕ್ಕ ಸ್ವಲ್ಪ ಹೊತ್ತು ಕೂತು ಬನ್ನಿ. ನನ್ನ ಹಾಗೆ ಮುಖ ಮುಚ್ಕೊಳ್ಳೋ ಗತಿ ನಿಮಗೆ ಬೇಡ,” ಎನ್ನುತ್ತಿದ್ದರು. ಆದರೆ ಆ ಬೀದಿಗೆ ಮಾತ್ರ ತಾವು ಮತ್ತೆ ಕಾಲಿಡಲಿಲ್ಲ. ದುರಸ್ತಿ ನೋಡಲೂ ಬೇರೆಯವರನ್ನೇ ಕಳಿಸಿದರು.

ಮೇಡಂ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ನೆಪದಲ್ಲಿ ಮೊನ್ನೆ ಮಧ್ಯಾಹ್ನ ನಮ್ಮವರೊಬ್ಬರು ಹೇಳದೆ ಆ ಮನೆಗೆ ಹೋದರು. ಈಗ ಮುದುಕಿಯಾದ ಅತ್ತೆ ಬಲ್ಬು ಹಾಕದೆ, ಬೀಸಣಿಗೆ ಹಿಡಿಯದೆ ತರಕಾರಿ ಹೆಚ್ಚುತ್ತಿದ್ದರು. ಗೋಡೆಯ ಮೊಳೆಯಲ್ಲಿ ಕೊಡೆ ನೇತಾಡುತ್ತಿತ್ತು.

ಮೇಡಂ ನೂರ್ಕಾಲ ಬಾಳಲಿ, ಇನ್ನೂ ಎಷ್ಟೋ ನಡುಮನೆಗಳಲ್ಲಿ ತಣ್ಣಗೆ ಹಗಲಾಗಿಸಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಅತ್ತೆಯ ಹಾರೈಕೆಯನ್ನು ಅವರ ಬಾಯಲ್ಲೇ ಕೇಳಬೇಕು: “ಕೊಡೆ ಇಲ್ಲೇ ಇದೆ, ಬಂದು ತಗೊಂಡು ಹೋಗ್ಲಿ. ಮುಂಚೆ ಹೇಳಿ ಕಳಿಸೋದು ಮಾತ್ರ ಬೇಡ ಅನ್ನಿ. ತೆಗೆದಿಡೋಕೆ ಈಗ ಏನೂ ಇಲ್ಲ.”