ಅಪ್ಪನ ನೀಲಿ ಮುಖದ ವಾಚು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಆ ಹೆಂಗಸಿಗೆ ಮನೆಮಂದಿ ಇಟ್ಟ ಹೆಸರು ಮೆಣಸಿನಕಾಯಿ. ಸುಮ್ಮನೆ ಇಟ್ಟದ್ದಲ್ಲ. ಅಂಗಡಿಯ ಮಾಲೀಕ ಒಮ್ಮೆ ಗಿರಾಕಿಯ ಎದುರೇ ರೇಗಿದಾಗ, ಅರ್ಧ ಉಜ್ಜಿದ ಗಾಜನ್ನು ಅವನ ಅಂಗೈಗಿಟ್ಟು "ಉಳಿದದ್ದು ನೀವೇ ಉಜ್ಜಿ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಿದ್ದಳು. ಪಾಪ, ಬೀದಿಯ ತಿರುವಿನವರೆಗೂ ಹಿಂದೆ ಓಡಿಬಂದು ಕರೆದುಕೊಂಡು ಹೋದ ಮಾಲೀಕ. ಈಗ ಐವತ್ತು ದಾಟಿದೆ, ಖಾರ ಮಾತ್ರ ಇಳಿದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನ ಕೋಣೆ ಖಾಲಿ ಮಾಡಲು ಅವಳೂ ಚಿಕ್ಕಪ್ಪನೂ ಕೂತಿದ್ದರು. ನಾಲ್ಕು ಅಂಗಿ, ಕೂಗಿದರೆ ಕೂಗಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಒಂದು ರೇಡಿಯೊ, ಕ್ಷೌರದ ಡಬ್ಬಿ. ಡಬ್ಬಿಯ ಪಕ್ಕದಲ್ಲಿ ವಾಚು. ಉಕ್ಕಿನ ಮೈ, ನೀಲಿ ಮುಖ, ವಾರ ತಾರೀಕು ತೋರಿಸುವ ಪುಟ್ಟ ಕಿಟಕಿ, ಕೆಳಗೆ 'ಕ್ವಾರ್ಟ್ಜ್' ಎಂಬ ಸಣ್ಣಕ್ಷರ. ಅವಳು ಕೈ ಚಾಚಿದಳು. ಚಿಕ್ಕಪ್ಪ ಅದರ ಮೇಲೆ ಅಂಗೈ ಮುಚ್ಚಿದ.

"ಅದೊಂದು ಬೇಡ ಮಗಳೇ. ಅದು ಪ್ರೆಸ್ಸಿನ ಯಜಮಾನರದ್ದು. ಭಾನುವಾರ ತಂದುಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅಣ್ಣ ಹೋದ, ಅವನ ಜೊತೆ ಆ ಕೆಟ್ಟ ಹೆಸರೂ ಹೋಗಲಿ."

"ಯಾರನ್ನ ಕೇಳಿ ಮಾತು ಕೊಟ್ರಿ?"

ಅಪ್ಪ, ಚಿಕ್ಕಪ್ಪ ಇಬ್ಬರೂ ಒಂದೇ ಮುದ್ರಣಾಲಯದಲ್ಲಿ ದುಡಿದವರು. ಎಂಬತ್ತನಾಲ್ಕರಲ್ಲಿ ಯಜಮಾನರು ಕೈ ತೊಳೆಯುವ ತೊಟ್ಟಿಯ ಕಟ್ಟೆಯ ಮೇಲೆ ಬಿಚ್ಚಿಟ್ಟ ನೀಲಿ ಮುಖದ ವಾಚು ಮಾಯವಾಯಿತು. ಅವರ ಹಿಂದೆಯೇ ಶಾಯಿ ಕೈ ತೊಳೆಯಲು ಹೋದವನು ಇವಳಪ್ಪ. ಇನ್ನೇನು ಬೇಕು? ಕಾರಣ ಹೇಳದೆ ಕೆಲಸದಿಂದ ತೆಗೆದರು, ಕಾರಣವನ್ನು ಮಾತ್ರ ಊರಿಗೆಲ್ಲ ಹೇಳಿದರು. ಅಪ್ಪ ಒಂದೇ ಸಲ "ನಾನು ತೆಗೆದಿಲ್ಲ" ಎಂದ. ಮತ್ತೆ ಆ ವಿಷಯಕ್ಕೆ ತುಟಿ ಬಿಚ್ಚಲಿಲ್ಲ.

ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಮೂರು ವರ್ಷ ಕಳೆಯಿತು. ಒಂದು ದಿನ ನೋಡಿದರೆ ಅವನ ಎಡಗೈಯಲ್ಲಿ ಅದೇ ನೀಲಿ ಮುಖದ ವಾಚು! ಬಚ್ಚಿಟ್ಟು, ಜನ ಮರೆತ ಮೇಲೆ ಹೊರಗೆ ತೆಗೆದ ಎಂದರು ಜನ. ಸಾಲದ್ದಕ್ಕೆ ಅಂಗಿಯ ಎಡತೋಳನ್ನು ಮೊಣಕೈವರೆಗೆ ಮಡಚಿ, ಸಂಜೆ ಸಂಜೆ ಮುದ್ರಣಾಲಯದ ಬೀದಿಯಲ್ಲೇ ಹಾದುಹೋಗುತ್ತಿದ್ದ. ಗೋದಾಮಿನಿಂದ ಮನೆಗೆ ಅದು ದಾರಿಯೇ ಅಲ್ಲ. ಎಂಥ ಮಾನಗೆಟ್ಟವನಪ್ಪ ಎಂದು ಅಂಗಡಿ ಕಟ್ಟೆಗಳ ಮೇಲೆ ಕೂತವರೆಲ್ಲ ಆಡಿಕೊಂಡರು.

"ಭಾನುವಾರ ತಾನೆ? ಅಲ್ಲೀವರೆಗೂ ಇದು ನನ್ನ ಹತ್ರ ಇರುತ್ತೆ," ಎಂದು ಮೆಣಸಿನಕಾಯಿ ಅವನ ಅಂಗೈ ಕೆಳಗಿನಿಂದ ವಾಚು ಎಳೆದುಕೊಂಡಳು. ಅದನ್ನು ಮರಳಿಸಿದರೆ, ಅಪ್ಪ ಕಳ್ಳ ಎಂದು ಮಗಳೇ ಒಪ್ಪಿದ ಹಾಗೆ. ಅವಳ ಜೀವ ಇರುವವರೆಗೂ ಅದು ಆಗದ ಮಾತು.

ಮರುದಿನವೇ ಗಡಿಯಾರ ರಿಪೇರಿಯ ತಾತನ ಮುಂದೆ ಕೂತಳು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ, ತಾತ ಎದ್ದು ನಿಂತರೆ ತಲೆಗೆ ಹಲಗೆ ತಾಗುತ್ತದೆ. ಆತ ವಾಚು ತಿರುಗಿಸಿ, ಹಿಂದಿನ ಮುಚ್ಚಳದ ಸವೆದ ಅಂಕಿಗಳನ್ನು ಓದಿದ.

"ಈ ಕಂಪನಿಯವರು ನಂಬರಿನ ಮೊದಲ ಅಂಕಿಯಲ್ಲಿ ವರ್ಷದ ಕೊನೇ ಅಂಕಿ ಇಡ್ತಾರಮ್ಮ, ಎರಡನೇದರಲ್ಲಿ ತಿಂಗಳು. ಇಲ್ಲಿ ಏಳು, ಮೂರು. ಎಪ್ಪತ್ತೇಳನೇ ಇಸವಿ, ಮಾರ್ಚ್."

ಎಪ್ಪತ್ತೇಳು ಎಂದರೆ ಕಳುವಿಗಿಂತ ಮೊದಲೇ ತಯಾರಾದದ್ದು. ಆಯಿತು, ಊರವರ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ಎದ್ದು ಎರಡು ಹೆಜ್ಜೆ ಹೋದಳು, ತಿರುಗಿ ಬಂದಳು.

"ಅಲ್ಲ ತಾತ, ಏಳು ಅಂದ್ರೆ ಎಪ್ಪತ್ತೇಳೇ ಯಾಕೆ? ಎಂಬತ್ತೇಳು ಆಗಬಾರದು ಅಂತ ಬರೆದಿದೆಯಾ?"

"ಮೈ ಎಷ್ಟು ಸವೆದಿದೆ ನೋಡು, ಹಳೇ ಮಾಲು."

"ನಮ್ಮಪ್ಪ ಮೂಟೆ ಹೊರೋನು. ಅವರ ಮೈಯೂ ಸವೆದಿತ್ತು. ಹಾಗಂತ ಅವರಿಗೆ ಹತ್ತು ವರ್ಷ ಜಾಸ್ತಿ ಬರೀತೀರಾ? ಮುಚ್ಚಳ ಬಿಚ್ಚಿ."

"ಹೊತ್ತಿಲ್ಲಮ್ಮ, ಆಮೇಲೆ ಬಾ."

"ನಾನು ಇಲ್ಲೇ ಕೂತಿರ್ತೀನಿ. ನಿಮಗೆ ಹೊತ್ತು ಬರಲಿ."

ಹಾಗೆಂದು ಗೂಡಿನ ಬಾಗಿಲಿಗೇ ಅಡ್ಡ ಕೂತಳು. ಒಳಗೆ ಬರಲು ಗಿರಾಕಿಗೆ ಜಾಗವಿಲ್ಲ, ಹೊರಗೆ ಹೋಗಲು ತಾತನಿಗೆ ಜಾಗವಿಲ್ಲ. ಗೊಣಗುತ್ತ ಮುಚ್ಚಳ ಬಿಚ್ಚಿದ ತಾತ, ಕಣ್ಣಿಗೆ ಭೂತಗನ್ನಡಿ ಏರಿಸಿದ. ಆಮೇಲೆ ಮೇಜಿನ ಖಾನೆಯಿಂದ ಅದೇ ಕಂಪನಿಯ ಇನ್ನೊಂದು ಕೆಟ್ಟ ವಾಚಿನ ಮಷೀನು ಹುಡುಕಿ ತೆಗೆದು ಪಕ್ಕದಲ್ಲಿಟ್ಟ.

"ಬಾ, ನೀನೇ ನೋಡು. ಇದು ಎಪ್ಪತ್ತೇಳರ ಕ್ವಾರ್ಟ್ಜ್. ಎಷ್ಟು ದಪ್ಪ, ಎಲ್ಲಾ ಲೋಹ. ನಿಮ್ಮಪ್ಪಂದು ನೋಡು, ಬಿಸ್ಕತ್ತಿನಷ್ಟು ತೆಳ್ಳಗೆ, ಬ್ಯಾಟರಿ ಸುತ್ತ ಪ್ಲಾಸ್ಟಿಕ್ಕು. ಮಷೀನಿನ ನಂಬರೂ ಹೊಸದು, ಎಂಬತ್ತಕ್ಕೆ ಮುಂಚೆ ಇದು ಹುಟ್ಟೇ ಇರಲಿಲ್ಲ. ಮುಚ್ಚಳ ಬಿಚ್ಚದೆ ಬಾಯಿ ಬಿಟ್ಟದ್ದು ನನ್ನ ತಪ್ಪು."

"ತೊಂಬತ್ತೇಳು?"

"ನಿಮ್ಮಪ್ಪ ಯಾವಾಗಿಂದ ಕಟ್ತಿದ್ದರು?"

"ನಾನು ಹೈಸ್ಕೂಲಿಗೆ ಸೇರಿದ ವರ್ಷದಿಂದ." ಹೈಸ್ಕೂಲಿಗೆ ಸೇರಿದ್ದು ಎಂಬತ್ತೇಳರಲ್ಲಿ. ಕಳುವಾದದ್ದು ಎಂಬತ್ತನಾಲ್ಕರಲ್ಲಿ. ಇನ್ನೂ ತಯಾರೇ ಆಗದ ವಾಚನ್ನು ಅಪ್ಪ ಹೇಗೆ ಕದಿಯುತ್ತಾನೆ? ತಾತನ ಮುಂದೆಯೇ ಗಳಗಳನೆ ಅತ್ತಳು, ಸೆರಗಿನಲ್ಲಿ ಮೂಗೊರೆಸಿಕೊಂಡು ಆ ಕೆಟ್ಟ ಮಷೀನನ್ನೂ ಕೇಳಿ ಪಡೆದಳು.

ಭಾನುವಾರ ಚಿಕ್ಕಪ್ಪನ ಜೊತೆ ತಾನೂ ಹೊರಟಳು. ಮುದ್ರಣಾಲಯದ ಮುಂದಿನ ಕೋಣೆಯಲ್ಲಿ, ಕಾಗದದ ರೀಮುಗಳ ನಡುವೆ, ಹಣ್ಣು ಹಣ್ಣಾದ ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ವಾಚಿಗಾಗಿ ಕೈ ಚಾಚಿದರು. ಅವಳು ಅವರ ಕೈಗೆ ಭೂತಗನ್ನಡಿ ಕೊಟ್ಟಳು. ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ವಾಚು, ಪಕ್ಕದಲ್ಲಿ ಹಳೆಯ ಮಷೀನು. ತಾತ ಹೇಳಿದ್ದನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ತೋರಿಸಿದಳು.

"ನಂಬಿಕೆ ಬರದಿದ್ರೆ ನಿಮಗೆ ಬೇಕಾದ ಗಡಿಯಾರದವರ ಹತ್ರ ನಡೀರಿ, ಈಗಲೇ ಬರ್ತೀನಿ. ವಾಚು ಮಾತ್ರ ನನ್ನ ಕೈಯಲ್ಲೇ ಇರುತ್ತೆ."

ಯಜಮಾನರು ಬಹಳ ಹೊತ್ತು ಬಗ್ಗಿ ನೋಡಿದರು. "ಹಾಗಾದ್ರೆ ನನ್ನದು ಎಲ್ಲಿ ಹೋಯ್ತು?" ಎಂದರು ಕೊನೆಗೆ.

"ಅದನ್ನ ಅವತ್ತೇ ಹುಡುಕಬೇಕಿತ್ತು."

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತ್ತು. "ಅಲ್ವೇ, ಮತ್ತೆ ಅಣ್ಣ ಹುಡುಕಿ ಹುಡುಕಿ ಅದೇ ಥರದ್ದೇ ಯಾಕೆ ತಗೊಂಡ? ಬೇರೆ ವಾಚು ಸಿಗಲಿಲ್ವಾ ಅವನಿಗೆ?"

"ಸಿಗದೆ ಏನು ಚಿಕ್ಕಪ್ಪ? ಕಳ್ಳ ಅಂದ್ರಲ್ಲ, ಅದೇ ಬೇಕಿತ್ತು ಅಪ್ಪನಿಗೆ. ಮೂರು ವರ್ಷ ಮೂಟೆ ಹೊತ್ತು, ಅದನ್ನೇ ತಗೊಂಡು, ತೋಳು ಮಡಚಿ ಇವರ ಬಾಗಿಲ ಮುಂದೆ ನಡೆದ್ರು. ತಾಕತ್ತಿದ್ರೆ ಹಿಡೀರಿ ಅಂತ. ಯಾರಾದ್ರೂ ಒಬ್ಬರು ಹಿಡಿದು ಮುಚ್ಚಳ ತಿರುಗಿಸಿ ನೋಡಿದ್ರಾ? ನೀವಾದ್ರೂ ನೋಡಿದ್ರಾ?"

ಯಜಮಾನರು ಕೆಮ್ಮಿ, "ಹೋಗಲಿ ಬಿಡಮ್ಮ, ಹಳೇ ವಿಷಯ. ಅವನೇ ಇಲ್ಲ ಈಗ" ಎಂದರು.

"ನಾನಿದ್ದೀನಲ್ಲ," ಎಂದಳು.

ಮುಚ್ಚಳ ಒತ್ತಿ ಕೂರಿಸಿ ವಾಚು ಕಟ್ಟಿಕೊಂಡಳು. ಪಟ್ಟಿ ದೊಡ್ಡದಾಗಿ ಮಣಿಕಟ್ಟಿನಿಂದ ಜಾರಿತು. ಮುಂಗೈ ಮೇಲಕ್ಕೆ ತಳ್ಳಿ, ರವಿಕೆಯ ಉದ್ದ ಎಡತೋಳನ್ನು ಮೊಣಕೈಯವರೆಗೆ ಮಡಚಿಕೊಂಡಳು. "ನಾಳೆ ಸಂಜೆ ಬಾಗಿಲಲ್ಲೇ ಕೂತಿರಿ ಯಜಮಾನ್ರೇ. ಅಂಗಡಿ ಮುಗಿಸಿ ಇದೇ ಬೀದೀಲಿ ಹೋಗ್ತೀನಿ. ನಾಡಿದ್ದೂ ಹೋಗ್ತೀನಿ."

ಅವಳ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ.