ವೇದಿಕೆಯ ಮೇಲೆ ಮುಗಿದ ಕಾದಂಬರಿ

ಸುಭದ್ರೆ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಆಗಲೇ ನಲವತ್ತು ದಿನ ಕಳೆದಿತ್ತು. ಗಂಡನ ಮನೆ ಬಿಟ್ಟು ಬಂದವಳನ್ನು ಯಾವ ರೈಲಿಗೂ ಹತ್ತಿಸದೆ, ಮನೆಗೂ ವಾಪಸು ಕಳಿಸದೆ ಹಾಗೆ ಕೂರಿಸಿದ್ದವಳು ಚಂಪಕ. ಅವಳದೇನೂ ಕಲ್ಲುಮನಸ್ಸಲ್ಲ, ಪುರುಸೊತ್ತಿರಲಿಲ್ಲ ಅಷ್ಟೆ. ಸುಭದ್ರೆ ಅವಳ ಎರಡನೆಯ ಕಾದಂಬರಿಯ ನಾಯಕಿ. ಕಾದಂಬರಿಗೆ ಇನ್ನೊಂದೇ ಅಧ್ಯಾಯ ಬಾಕಿ. ಅದನ್ನು ಬರೆಯಲು ಬೇಕಾದ ಮೂರು ಗಂಟೆಯನ್ನು ಚಂಪಕ ೧೯೭೯ರ ದೀಪಾವಳಿಯಿಂದ ಹುಡುಕುತ್ತಲೇ ಇದ್ದಳು. ನಂಜನಗೂಡಿನಲ್ಲೂ ಸಿಗಲಿಲ್ಲ, ನರಸೀಪುರದಲ್ಲೂ ಸಿಗಲಿಲ್ಲ.

ಮನೆ ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ಕೆಲಸ ನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ. ನಡುವೆ ಒಂದು ಬಸ್ಸು, ತನಗೆ ತೋಚಿದಾಗ ಬರುವಂಥದು. ಬಸ್ಸಿನಲ್ಲಾದರೂ ಬರೆಯಬಹುದು ಎಂದು ಯಾರೋ ಬುದ್ಧಿ ಹೇಳಿದ್ದರು. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಕೈ ಊಟದ ಡಬ್ಬಿಗೆ. ಮೂರನೆಯ ಕೈಯನ್ನು ದೇವರು ಲೇಖಕಿಯರಿಗೆ ಇನ್ನೂ ಮಂಜೂರು ಮಾಡಿರಲಿಲ್ಲ.

ಮನೆಯಲ್ಲಿ ಬರವಣಿಗೆಗೆ ವಿರೋಧವೇನೂ ಇರಲಿಲ್ಲ. ಗಂಡ ಸೀತಾರಾಮ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಹೆಂಡತಿ ಸಾಹಿತಿ ಎಂಬುದನ್ನು ಪಹಣಿ ಕೇಳಲು ಬಂದ ರೈತರಿಗೂ ತಿಳಿಸುವಷ್ಟು ಅಭಿಮಾನಿ. "ನೀನು ಬರೀತಾ ಇರು ಚಂಪಾ, ನಾನೇನೂ ತೊಂದರೆ ಕೊಡೋಲ್ಲ. ಅಂದಹಾಗೆ ನನ್ನ ಪಂಚೆ ಎಲ್ಲಿಟ್ಟಿದೀಯ?" ಎನ್ನುವನು. ಪಂಚೆ ಸಿಕ್ಕಿದ ಮೇಲೆ ಕಾಫಿ, ಕಾಫಿಯಾದ ಮೇಲೆ ಹುಡುಗಿಯರಿಬ್ಬರ ಜಡೆ, ಜಡೆಯಾದ ಮೇಲೆ ಅತ್ತೆ ರಂಗನಾಯಕಮ್ಮನವರ ಮಡಿ ನೀರು. ಭಾನುವಾರವಾದರೆ ಸೋಮನಾಥಪುರ ನೋಡಲು ಬಂದ ನೆಂಟರು. ಕಲ್ಲಿನ ಆನೆ ಕುದುರೆಗಳನ್ನು ಚಂಪಕ ಆ ಚಳಿಗಾಲದಲ್ಲಿ ಏಳು ಸಲ ನೋಡಿದಳು.

ಇಷ್ಟೇ ಆಗಿದ್ದರೆ ಸುಭದ್ರೆ ಎಂದೋ ರೈಲು ಹತ್ತಿರುತ್ತಿದ್ದಳು. ತೊಡಕಾದದ್ದು ಮೊದಲ ಕಾದಂಬರಿಯಿಂದ. ಅದು ಅಚ್ಚಾಗಿ ವರ್ಷವಾಗಿತ್ತು. ಮೈಸೂರಿನ ಪ್ರಕಾಶಕ ಪ್ರಹ್ಲಾದರಾವ್ ಅದರ ಎರಡು ಕಟ್ಟು ತಂದು ನಡುಮನೆಯಲ್ಲಿ ಇಳಿಸಿ, "ಅಮ್ಮಾ, ಬರೆದರೆ ಸಾಲದು. ಜನ ನಿಮ್ಮ ಮುಖ ನೋಡಬೇಕು. ಮುಖ ನೋಡಿದೋರು ಪುಸ್ತಕ ತಗೋತಾರೆ" ಎಂದು ಉಪದೇಶ ಮಾಡಿ ಹೋಗಿದ್ದರು. ಚಂಪಕಳ ಅನುಭವ ಬೇರೆ. ಮುಖ ನೋಡಿದವರು ಮುಖದಲ್ಲೇ ತೃಪ್ತರಾಗಿ ಮನೆಗೆ ಹೋಗುತ್ತಿದ್ದರು.

ಕಳಲೆಯ ಮಹಿಳಾ ಸಮಾಜದವರು ಅವಳ ಕಾದಂಬರಿಯನ್ನು ಒಳ್ಳೆಯ ಕವನ ಸಂಕಲನವೆಂದು ಹೊಗಳಿ ಶಾಲು ಹೊದಿಸಿದರು. ಕವಲಂದೆಯ ಯುವಕ ಸಂಘದವರು ಕರಪತ್ರದಲ್ಲಿ 'ಚಂಪಕ ಸೀತಾರಾಮ್' ಎಂದಿದ್ದುದನ್ನು ನೋಡಿ ಹಾರವನ್ನು ನೇರವಾಗಿ ಸೀತಾರಾಮನ ಕೊರಳಿಗೇ ಹಾಕಿದರು. ಅವನೂ ತಪ್ಪು ತಿದ್ದುವ ಅವಸರ ಮಾಡಲಿಲ್ಲ. 'ನಮ್ಮ ಬರವಣಿಗೆಯ ಕಷ್ಟಗಳು' ಎಂದು ಐದು ನಿಮಿಷ ಮಾತಾಡಿ, ಬಸ್ಸು ನಂಜನಗೂಡು ಮುಟ್ಟುವವರೆಗೂ ಹಾರ ತೆಗೆಯಲಿಲ್ಲ. ಪುಸ್ತಕದ ಚೀಲ ಹೋದಷ್ಟೇ ಭಾರವಾಗಿ ವಾಪಸಾಯಿತು. ರಂಗನಾಯಕಮ್ಮನವರು ಮಾತ್ರ ಹಣ್ಣಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಸಾಹಿತ್ಯ ವಿಮರ್ಶೆ ಮಾಡುತ್ತಿದ್ದರು.

"ಈ ಸಲದ ಮೂಸಂಬಿ ಬರೀ ಹುಳಿ ಕಣೇ. ಆ ಕಳಲೆಯವರೇ ಪರವಾಗಿಲ್ಲ, ದಾಳಿಂಬೆ ಕೊಟ್ಟಿದ್ದರು. ಇನ್ನೊಂದು ಸಲ ಕರೆದರೆ ಹೋಗು."

ಡಿಸೆಂಬರಿನಲ್ಲಿ ಪ್ರಹ್ಲಾದರಾಯರ ಕಾಗದ ಬಂತು. ಯುಗಾದಿಗೆ ಹೊಸ ಕಾದಂಬರಿ ಬರುತ್ತದೆಂದು ವಾರಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗಿದೆ, ತಿಂಗಳ ಕೊನೆಯೊಳಗೆ ಕಡೆಯ ಅಧ್ಯಾಯ ಕೈಸೇರಬೇಕು. 'ಮುಖಪುಟ ಅಚ್ಚಾಗಿಹೋಗಿದೆ. ನಾಯಕಿ ಗಂಡನ ಕೈಹಿಡಿದು ನಗುತ್ತಿರುವ ಚಿತ್ರ ಬಹಳ ಸೊಗಸಾಗಿ ಬಂದಿದೆ. ಆದ್ದರಿಂದ ಅವಳು ಗಂಡನ ಹತ್ತಿರ ವಾಪಸು ಹೋಗುವಂತೆ ದಯಮಾಡಿ ನೋಡಿಕೊಳ್ಳುವುದು.'

ಕಾಗದವನ್ನು ಸೀತಾರಾಮ ಗಟ್ಟಿಯಾಗಿ ಓದಿದ. ಅತ್ತೆ ಮಜ್ಜಿಗೆ ಕಡೆಯುತ್ತಿದ್ದವರು ಕೈ ನಿಲ್ಲಿಸಿದರು.

"ವಾಪಸು ಹೋದರೆ ಊರು ನಗೋಲ್ವೆ? ಹಾಗೇ ಯಾವುದಾದರೂ ಜ್ವರ ಬಂದು ಸತ್ತುಹೋಗಲಿ ಬಿಡು. ಮರ್ಯಾದೆಯಾಗಿರುತ್ತೆ."

"ಅಮ್ಮ, ಅವಳಿಗಿನ್ನೂ ಇಪ್ಪತ್ತಾರು," ಎಂದಳು ಚಂಪಕ.

"ನೀನು ಬರೆದದ್ದು ತಾನೆ? ಐವತ್ತು ಮಾಡು."

ಮಾರನೆಯ ದಿನ ಸ್ಕೂಲಿನಲ್ಲಿ ಬಿಡುವಿನ ಪೀರಿಯಡ್ಡಿನಲ್ಲಿ ಚಂಪಕ ಖಾಲಿ ಹಾಳೆ ನೋಡುತ್ತಾ ಕೂತಿದ್ದಳು. ಆಯಾ ಜವರಮ್ಮ ನೀರಿನ ಹೂಜಿ ಇಡಲು ಬಂದವಳು ಬಾಗಿಲಿಗೆ ಒರಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಎರಡು ತಾಲ್ಲೂಕಿನಲ್ಲಿ ಕತೆ ಮುಂದೇನಾಯಿತು ಎಂದು ಕೇಳುತ್ತಿದ್ದವಳೂ ಅವಳೊಬ್ಬಳೇ.

"ಆ ಯಮ್ಮ ಇನ್ನೂ ಟೇಸನ್ನಾಗೇ ಕುಂತವ್ಳಾ ಅಮ್ಮೋರೆ?"

"ಹ್ಞೂ ಜವರಮ್ಮ. ಏನು ಮಾಡಿಸಬೇಕು ಅಂತಲೇ ಹೊಳೀತಿಲ್ಲ. ಗಂಡನ ಮನೆಗೆ ಹೋಗಲೋ, ಬೇರೆ ಊರಿಗೆ ಹೋಗಲೋ."

"ಅದ್ ಇರ್ಲಿ. ಒತ್ತಾರೆಯಿಂದ ಕುಂತವ್ಳೆ ಅಂತೀರಿ, ಏನಾರ ಉಂಡವ್ಳಾ?"

ಚಂಪಕ ಮನಸ್ಸಿನಲ್ಲೇ ಹಿಂದಿನ ಪುಟಗಳನ್ನು ತಿರುವಿ ಹಾಕಿದಳು. ಇಪ್ಪತ್ತೆರಡು ಅಧ್ಯಾಯ ಬರೆದಿದ್ದಳು. ಸುಭದ್ರೆ ಅತ್ತಿದ್ದಳು, ನಕ್ಕಿದ್ದಳು, ಮೂರ್ಛೆಯೂ ಹೋಗಿದ್ದಳು; ಒಂದು ತುತ್ತು ತಿಂದದ್ದು ಎಲ್ಲಿಯೂ ಇರಲಿಲ್ಲ. ಹಾಳೆಯ ಮೇಲೆ ಪೆನ್ನಿಡುವಷ್ಟರಲ್ಲಿ ಗಂಟೆ ಹೊಡೆಯಿತು. ಒಂಬತ್ತನೇ ಕ್ಲಾಸಿಗೆ ಸಂಧಿ ಪಾಠ.

ಅದೇ ವಾರ ಚೆಲುವಯ್ಯನವರು ಸ್ಕೂಲಿಗೇ ಬಂದರು. ತಾಲ್ಲೂಕು ಬೋರ್ಡಿನ ಮಾಜಿ ಅಧ್ಯಕ್ಷರು. ಅಧಿಕಾರ ಹೋದ ಮೇಲೆ ಮಾತಾಡಲು ಜಾಗ ಸಾಲದೆ ಒಂದು ಸಾಂಸ್ಕೃತಿಕ ಸಂಘ ಕಟ್ಟಿದ್ದರು. ಬಿಳೀ ಜುಬ್ಬಾ, ಹೆಗಲ ಮೇಲೆ ಜರಿಯಂಚಿನ ವಲ್ಲಿ.

"ಮೇಡಮ್ನೋರೆ, ಬರೋ ಭಾನ್ವಾರ ನಮ್ ಸಂಗದ ವಾರ್ಷಿಕೋತ್ಸವ. ನಿಮ್ಗೊಂದು ಸನ್ಮಾನ ಮಡೀಕಂಡಿವ್ನಿ."

"ಸಾರ್, ಕಾದಂಬರಿ ಮುಗಿಸಬೇಕು. ತಿಂಗಳ ಕೊನೆಗೆ ಕಳಿಸದಿದ್ದರೆ—"

"ಕತೆ ತಾನೆ, ಎಲ್ಲಿಗೋದದು? ಬ್ಯಾನರ್ ಬರಸಾಗದೆ. ನೀವು ಅರ್ಧ ಗಂಟೆ ಮಾತಾಡ್ಬೇಕು. ನಂದೇನೂ ಇಲ್ಲ, ಎಲ್ಡೇ ಮಾತು."

ಬ್ಯಾನರ್ ಬರೆಸಿಯಾದ ಮೇಲೆ ಮನುಷ್ಯಮಾತ್ರರು ಮಾಡುವುದೇನಿದೆ. ಭಾನುವಾರ ಮಧ್ಯಾಹ್ನ ಗಂಡ, ಹೆಂಡತಿ, ಪುಸ್ತಕದ ಚೀಲ ಮೂವರೂ ನರಸೀಪುರದ ಛತ್ರಕ್ಕೆ ಹೋದರು. ಸೀತಾರಾಮ ಮುಂದಿನ ಸಾಲಿನಲ್ಲಿ ಕೂತು, ಪ್ರಾರ್ಥನೆ ಮುಗಿಯುವ ಮುಂಚೆಯೇ ನಿದ್ದೆ ಹೋದ. ಮೂರೂವರೆಗೆ ಚೆಲುವಯ್ಯನವರು ಎರಡು ಮಾತಾಡಲು ಎದ್ದರು.

ಮೊದಲ ಮಾತು ಕಾವೇರಿ ಕಪಿಲೆ ಕೂಡುವಲ್ಲಿಂದ ಶುರುವಾಯಿತು. ಅಲ್ಲಿಂದ ಗಂಗರು, ಚೋಳರು, ಹೊಯ್ಸಳರನ್ನು ದಾಟಿ ನಾಲ್ಕು ಗಂಟೆಗೆ ಚೆಲುವಯ್ಯನವರ ಜನ್ಮಕ್ಕೆ ಬಂತು. ಎದುರಿಗೆ ಅರವತ್ತು ಜನ ಇದ್ದರು. ಅರ್ಧಕ್ಕರ್ಧ ಉಪ್ಪಿಟ್ಟಿನ ನಿರೀಕ್ಷೆಯವರು. ಚೆಲುವಯ್ಯನವರು ಕೊರೆಸಿದ ಬಾವಿಗಳ ಪಟ್ಟಿ ಶುರುವಾದಾಗ ಚಂಪಕ ತನ್ನ ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳೋಣವೆಂದು ಚೀಲದಿಂದ ನೋಟ್‌ಬುಕ್ಕು ತೆಗೆದಳು. 'ಸಾಹಿತ್ಯ ಮತ್ತು ಸಮಾಜ' ಎಂದು ಬರೆದು ಕೆಳಗೆ ಗೆರೆ ಎಳೆದಳು. ಆ ಗೆರೆಯ ಕೆಳಗೆ ಬರೆಯಲು ಏನೂ ಇರಲಿಲ್ಲ. ಕೊನೆಗೆ ಬರೆದಳು: 'ಸುಭದ್ರೆಗೆ ಹಸಿವಾಯಿತು.'

ಆಮೇಲೆ ಪೆನ್ನು ನಿಲ್ಲಲಿಲ್ಲ. ಇಲ್ಲಿ ಯಾರೂ ಪಂಚೆ ಕೇಳುವಂತಿರಲಿಲ್ಲ. ಹಾಲು ಉಕ್ಕುವಂತಿರಲಿಲ್ಲ. ಸನ್ಮಾನಿತೆಯನ್ನು ವೇದಿಕೆಯಿಂದ ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇಷ್ಟು ವರ್ಷದ ಸಂಸಾರ ಕೊಡಲಾರದ ಏಕಾಂತವನ್ನು ತಾಲ್ಲೂಕಿನ ಒಂದು ಸಭೆ ಕೊಟ್ಟಿತು. ಸುಭದ್ರೆ ಎದ್ದು ಪ್ಲಾಟ್‌ಫಾರ್ಮಿನ ಕೊನೆಯ ಹೋಟೆಲಿನಲ್ಲಿ ಇಡ್ಲಿ ತಿಂದಳು. ಹೊಟ್ಟೆ ತುಂಬಿದವಳಿಗೆ ಗಂಡನ ಮೇಲಿನ ಸಿಟ್ಟೂ ಕಮ್ಮಿಯಾಯಿತು, ಅವನ ಅಗತ್ಯವೂ ಕಮ್ಮಿಯಾಯಿತು.

ಚೆಲುವಯ್ಯನವರು ವಾರೆಗಣ್ಣಿನಿಂದ ನೋಡಿದರು. ಮೂವತ್ತು ವರ್ಷ ಭಾಷಣ ಮಾಡಿದ್ದರು. ಪೊಲೀಸಿನವರನ್ನು ಬಿಟ್ಟು ಬೇರೆ ಯಾರೂ ಅವರ ಮಾತನ್ನು ಬರೆದುಕೊಂಡಿರಲಿಲ್ಲ. ಅವರ ಎದೆ ಉಬ್ಬಿತು.

"ಬರ್ಕೊಳ್ಳಿ ಮೇಡಮ್ನೋರೆ, ಬರ್ಕೊಳ್ಳಿ. ನಿಧಾನಕ್ಕೇ ಯೋಳ್ತೀನಿ."

ಹೇಳಿದಂತೆ ನಿಧಾನ ಮಾಡಿದರು. ಮುಗಿಯುವ ಹಂತದಲ್ಲಿದ್ದ ಭಾಷಣಕ್ಕೆ ಇನ್ನೊಂದು ಗಂಟೆ ಆಯುಸ್ಸು ಬಂತು. ಕೊನೆಗೆ, ತಮ್ಮ ತಾಯಿ ಸೊಪ್ಪಿನ ಮಂಕರಿ ಹೊತ್ತು ಸಂತೆಗೆ ನಡೆದದ್ದನ್ನು ಹೇಳುತ್ತಿದ್ದಾಗ ಸುಭದ್ರೆಯ ರೈಲು ಹೊರಟಿತು. ಚಂಪಕ ಕಡೆಯ ಸಾಲಿಗೆ ಚುಕ್ಕಿಯಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಚೆಲುವಯ್ಯನವರು ಮಾತು ಅಲ್ಲಿಗೇ ನಿಲ್ಲಿಸಿದರು. ಅವರೂ ವಲ್ಲಿಯಿಂದ ಕಣ್ಣೊರೆಸಿಕೊಂಡು ಕೂತರು. ಸಭೆ ಚಪ್ಪಾಳೆ ಹೊಡೆಯಿತು, ಭಾಷಣ ಮುಗಿದ ಸಂತೋಷಕ್ಕೆ. ಮೈಕ್‌ಸೆಟ್ಟಿನವನು ಮದುವೆಮನೆಗೆ ಹೊರಟು ನಿಂತಿದ್ದರಿಂದ ಚಂಪಕಳ ಭಾಷಣವನ್ನು ಶಾಲು ಮತ್ತು ಹಣ್ಣಿನ ಬುಟ್ಟಿಗೇ ಮುಗಿಸಿದರು.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಚಂಪಕ ಕಿಟಕಿಯಾಚೆ ಗದ್ದೆಗಳನ್ನು ನೋಡುತ್ತಿದ್ದಳು. ಯಾವುದೋ ಹಳೆಯ ಭಾರ ಇಳಿದಂತಿತ್ತು, ಯಾರಿಗಾದರೂ ಹೇಳಬೇಕೆನಿಸಿತು.

"ಕಾದಂಬರಿ ಮುಗೀತು ಕಣ್ರೀ."

ಸೀತಾರಾಮ ಸ್ವಲ್ಪ ಯೋಚಿಸಿದ. "ಹೌದಾ. ಹಾಗಾದರೆ ಮುಂದಿನ ವಾರ ಬರ್ತೀವಿ ಅಂತ ಸನ್ಮಾನಕ್ಕೆ ಕರೆದಿರೋ ಲಯನ್ಸ್ ಕ್ಲಬ್ಬಿನವರಿಗೆ ಹೇಳಿಬಿಡಲಾ?"

ಬುಧವಾರ ಚೆಲುವಯ್ಯನವರು ಮತ್ತೆ ಸ್ಕೂಲಿನ ಜಗಲಿಯಲ್ಲಿ ಪ್ರತ್ಯಕ್ಷರಾದರು. ಸಂಘದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುತ್ತಿತ್ತು.

"ಅವತ್ತು ನನ್ ಭಾಷಣ ಪೂರ್ತಿ ಬರ್ಕೊಂಡ್ರಲ್ಲ ಮೇಡಮ್ನೋರೆ, ಅದ್ನ ಕೊಡಿ. ಅಂಗೇ ಹಾಕ್ಬುಡ್ತೀವಿ."

ಚಂಪಕ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಬರೆದದ್ದು ಇಡ್ಲಿ ಮತ್ತು ರೈಲು. ನಿಜ ಹೇಳಿದರೆ ಈ ಮನುಷ್ಯ ಈ ಜನ್ಮದಲ್ಲಿ ಮತ್ತೆ ಮೈಕು ಮುಟ್ಟಲಿಕ್ಕಿಲ್ಲ. ಊರಿಗೆ ಅದೊಂದು ಉಪಕಾರವೇ, ಆದರೆ ಅವರ ಮುಖ ನೋಡಿದರೆ ಹೇಳಲಾಗಲಿಲ್ಲ.

"ಅಕ್ಷರ ಚೆನ್ನಾಗಿಲ್ಲ ಸಾರ್. ನಾಡಿದ್ದು ಶುದ್ಧವಾಗಿ ಬರೆದು ಕೊಡ್ತೀನಿ."

ಅವರ ಭಾಷಣದಲ್ಲಿ ಅವಳ ಕಿವಿಗೆ ಬಿದ್ದಿದ್ದುದು ಸೊಪ್ಪಿನ ಮಂಕರಿಯೊಂದೇ. ಎರಡು ಬಿಡುವಿನ ಪೀರಿಯಡ್ಡಿನಲ್ಲಿ ಆ ಮಂಕರಿಯ ಸುತ್ತ ಆರು ಪುಟ ಬರೆದಳು: ಹೊಳೆ ದಾಟಿ ಸಂತೆಗೆ ಹೋಗುವ ತಾಯಿ, ಒದ್ದೆ ಸೀರೆಯ ಅಂಚು, ಮಾರಾಟವಾಗದ ಸೊಪ್ಪನ್ನು ರಾತ್ರಿ ಮಗನಿಗೇ ಬೇಯಿಸಿದ್ದು. ಬಾವಿಗಳ ಪಟ್ಟಿಯನ್ನು ಬಿಟ್ಟುಬಿಟ್ಟಳು. ಚೆಲುವಯ್ಯನವರು ಜಗಲಿಯಲ್ಲೇ ನಿಂತು, ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಅವರ ಜೀವನದಲ್ಲಿ ಅದೊಂದು ದಾಖಲೆ.

"ಇದೆಲ್ಲ ನಾನೇ ಯೋಳಿದ್ನಾ?"

"ಹೌದು ಸಾರ್."

ಅವರು ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. "ಯೋಳಿರ್ತೀನಿ ಬುಡಿ."

ಸಂಚಿಕೆ ಬಂತು. ಅದನ್ನು ಓದಿದ ಕಾಲೇಜಿನ ಮೇಷ್ಟರುಗಳು ಚೆಲುವಯ್ಯನವರನ್ನು ದಾರಿಯಲ್ಲಿ ನಿಲ್ಲಿಸಿ ಕೈಮುಗಿದರು. ಮುಂದಿನ ತಿಂಗಳು ಅವರು ಇನ್ನೊಂದು ಸಭೆಗೆ ಹೋಗುವ ಮುಂಚೆ ಜಗಲಿಗೆ ಬಂದು ಕೆಮ್ಮಿದರು. ನೇರವಾಗಿ ಕೇಳಲಿಲ್ಲ, ಮಾತಾಡುವ ವಿಷಯ ಮಾತ್ರ ಹೇಳಿದರು. ಚಂಪಕಳೂ ನೇರವಾಗಿ ಒಪ್ಪಲಿಲ್ಲ. ತನ್ನ ಕಷ್ಟ ಮಾತ್ರ ಹೇಳಿದಳು.

"ಬರೆದು ಕೊಡೋದಕ್ಕೇನು ಸಾರ್. ಆದರೆ ಈ ಸನ್ಮಾನಗಳಿಂದ ಪುರುಸೊತ್ತೇ ಸಿಗೋಲ್ಲ. ಎರಡು ತಾಲ್ಲೂಕಿನವರೂ ಕರೀತಾರೆ."

"ನಾನ್ ನೋಡ್ಕತೀನಿ," ಎಂದರು ಚೆಲುವಯ್ಯ.

ನೋಡಿಕೊಂಡರು. ಆಮೇಲೆ ಯಾವ ಸಂಘದವರು ಚಂಪಕಳ ಹೆಸರೆತ್ತಿದರೂ, "ಅವ್ರು ಬರೆಯೋ ಜನ ಕಣ್ರಯ್ಯ, ಯಾಕ್ ತೊಂದ್ರೆ ಕೊಟ್ಟೀರಿ? ನಾನ್ ಬತ್ತೀನಿ" ಎಂದು ತಾವೇ ಹೋಗಿ ಶಾಲು ಹೊದ್ದು ಬರುತ್ತಿದ್ದರು. ಮನೆಗೆ ಹಣ್ಣಿನ ಬುಟ್ಟಿ ಬರುವುದು ನಿಂತಿತು. ಸೊಸೆಯ ಕೀರ್ತಿ ಇಳಿಮುಖವಾಯಿತೆಂದು ರಂಗನಾಯಕಮ್ಮ ನೆರೆಯವರ ಮುಂದೆ ನಿಟ್ಟುಸಿರಿಟ್ಟರು.

ಯುಗಾದಿಗೆ ಕಾದಂಬರಿ ಬಂತು. ಒಳಗೆ ಸುಭದ್ರೆ ಒಬ್ಬಳೇ ರೈಲು ಹತ್ತಿದ್ದಳು. ಮುಖಪುಟದ ಮೇಲೆ ಒಬ್ಬ ಗಂಡಸಿನ ಕೈಹಿಡಿದು ನಗುತ್ತಿದ್ದಳು. ಅವನು ಯಾರೆಂದು ಓದುಗರು ಕಾಗದ ಬರೆದಾಗ ಪ್ರಹ್ಲಾದರಾಯರು ಸ್ವಲ್ಪವೂ ಅಳುಕದೆ, ಟಿಕೆಟ್ ಕಲೆಕ್ಟರ್ ಎಂದು ಉತ್ತರ ಕೊಟ್ಟರು. ಕಡೆಯ ಅಧ್ಯಾಯವನ್ನು ಚಂಪಕ ಜವರಮ್ಮನಿಗೆ ಓದಿ ಹೇಳಿದಳು. ಜವರಮ್ಮ ಇಡ್ಲಿಗೆ ಚಟ್ನಿ ಇತ್ತೋ ಇಲ್ಲವೋ ಎಂದು ವಿಚಾರಿಸಿಕೊಂಡು, ಸಮಾಧಾನದಿಂದ ಹೂಜಿ ತುಂಬಲು ಹೋದಳು.

ಎಂಟು ವರ್ಷದಲ್ಲಿ ಚಂಪಕ ಇನ್ನೂ ಐದು ಕಾದಂಬರಿ ಬರೆದಳು. ಗ್ರಂಥಾಲಯಗಳಲ್ಲಿ ಅಂಚು ಹರಿಯುವಷ್ಟು ಓದಿಸಿಕೊಂಡವು, ಅಷ್ಟರಲ್ಲೇ ಅವಳಿಗೆ ತೃಪ್ತಿ. ಚೆಲುವಯ್ಯನವರು ಅಷ್ಟರಲ್ಲಿ ತೃಪ್ತರಾಗುವವರಲ್ಲ. ೧೯೮೮ರಲ್ಲಿ ತಮ್ಮ ಭಾಷಣಗಳನ್ನೆಲ್ಲ ಸೇರಿಸಿ ದಪ್ಪ ರಟ್ಟಿನ ಪುಸ್ತಕ ಮಾಡಿಸಿದರು. ಪ್ರಕಾಶಕರು ಪ್ರಹ್ಲಾದರಾಯರೇ. ಮೈಸೂರಿನ ಒಂದು ಪತ್ರಿಕೆ 'ಗ್ರಾಮೀಣ ಬದುಕಿನ ಒಡಲಿನಿಂದ ಬಂದ ಅಪ್ಪಟ ದನಿ' ಎಂದು ಬರೆಯಿತು. ಚಂಪಕಳಿಗೊಂದು ಪ್ರತಿ ಅವರೇ ತಂದುಕೊಟ್ಟರು. ಒಳಪುಟದಲ್ಲಿ ಹಸಿರು ಶಾಯಿ: 'ಉದಯೋನ್ಮುಖ ಲೇಖಕಿಗೆ ಆಶೀರ್ವಾದಗಳೊಂದಿಗೆ.'

ಆಗ ರಂಗನಾಯಕಮ್ಮನವರಿಗೆ ಎಪ್ಪತ್ತೆಂಟು. ಸೊಸೆಯ ಒಂದು ಪುಸ್ತಕವನ್ನೂ ಪೂರ್ತಿ ಓದದಿದ್ದವರು ಇದನ್ನು ಭೂತಗನ್ನಡಿ ಹಿಡಿದು ಮೂರು ದಿನದಲ್ಲಿ ಓದಿ ಮುಗಿಸಿದರು. ಮುಗಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಎಷ್ಟು ಚೆನ್ನಾಗಿ ಬರೆದಿದಾನೆ ನೋಡೇ. ಆ ತಾಯಿದು, ಸೊಪ್ಪಿಂದು, ಕಣ್ಣಲ್ಲಿ ನೀರು ಬಂತು. ಚಂಪಾ, ನೀನೂ ಒಂದು ಸಲ ಹೀಗೆ ಬರೀಬಾರದೇನೇ?"

"ಪ್ರಯತ್ನ ಮಾಡ್ತೀನಮ್ಮ," ಎಂದು ಚಂಪಕ ಸಾರಿಗೆ ಒಗ್ಗರಣೆ ಹಾಕಿದಳು.