ತೌಸಿಯ ಹಸಿ ಗೋರಂಟಿ

ಜಾಂಜಿಬಾರಿನ ತೌಸಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಹತ್ತು ವರ್ಷಗಳಾದ ಮೇಲೆ, ಹಳೆಯ ಒಡತಿ ಜುವೇನಾಳಿಂದ ಅವಳ ಮನೆಯ ಮದುವೆಗೆ ಕರೆ ಬಂತು: 'ಮಗಳ ಹಾಗೆ ಬಾ.'

"ಪ್ರೀತಿಯಿಂದ ಕರೆದಿದ್ದಾರೆ ಕಣೆ," ಎಂದಳು ನೆರೆಮನೆಯ ಹಲೀಮಾ.

"ಆಗೆಲ್ಲ 'ಏಯ್' ಅಂತ ಕೂಗ್ತಿದ್ಳು. ಈಗ ಮಗಳಾದ್ನಾ? ತೊಳೆಯೋಕೆ ಪಾತ್ರೆ ರಾಶಿ ಬಿದ್ದಿರ್ಬೇಕು."

ಹೋಗದಿದ್ದರೆ ಹೆದರಿದಳು ಅಂದುಕೊಂಡಾರು. ತೌಸಿ ಎರಡೂ ಕೈಗೆ ಮೊಣಕೈತನಕ ಗೋರಂಟಿ ಮೆತ್ತಿಕೊಂಡು, ಅದು ಒಣಗುವ ಮೊದಲೇ ಹೊರಟಳು.

ಬಾಗಿಲಲ್ಲಿ ಜುವೇನಾ, "ಬಾ ಮಗಳೇ, ಅಡುಗೆಮನೆ ಕಡೆ ಒಂಚೂರು..." ಎಂದವಳು ಆ ಕೈಗಳನ್ನು ಕಂಡು ಮಾತು ನುಂಗಿದಳು.

ತೌಸಿ ನೆಂಟರ ಚಾಪೆಯ ಮೇಲೆ ನೆಟ್ಟಗೆ ಕುಳಿತಳು. ಅನ್ನದ ತಟ್ಟೆ ಬಂತು.

"ಕೈ ಇನ್ನೂ ಹಸಿ, ಬಿಬಿ," ಎಂದಳು ಜುವೇನಾಳಿಗೆ. "ಮಗಳಿಗೆ ನೀವೇ ತುತ್ತು ಕೊಡಿ."